ತಲೆ ಲೆಕ್ಕ, ದಾರಿ ಲೆಕ್ಕ

(ಉತ್ತರ ಕನ್ನಡ ಜಿಲ್ಲೆಯ ಆರೋಗ್ಯ ಸೇವೆಯ ಬಗ್ಗೆ ಶಿರಸಿಯಲ್ಲಿ ಆಡಿದ ಮಾತಿನ ಬರಹ ರೂಪ. ಎರಡೆರಡು ಸಲ ಹೇಳಿದ್ದನ್ನು ಒಂದಕ್ಕೆ ಇಳಿಸಿದ್ದೇನೆ. ನಡುವೆ ಕರೆಂಟ್ ಹೋದಾಗ ಆಡಿದ ಹರಟೆಯನ್ನು ಬಿಟ್ಟಿದ್ದೇನೆ. ಉಳಿದದ್ದು ಬಾಯಿಗೆ ಬಂದ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ತಿದ್ದುಪಡಿ. ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ‘ಡಾ.’ ಎಂದು ಅಚ್ಚಾಗಿದೆ. ನಾನು ಡಾಕ್ಟರಲ್ಲ, ಪಿಎಚ್‌ಡಿಯನ್ನೂ ಮಾಡಿಲ್ಲ. ಆರೋಗ್ಯ ಇಲಾಖೆಗೆ ಸಹಾಯಕನಾಗಿ ಸೇರಿ, ಇನ್‌ಸ್ಪೆಕ್ಟರ್ ಆಗಿ ನಿವೃತ್ತಿಯಾದವನು. ಜೋಯಿಡಾ, ಯಲ್ಲಾಪುರ, ಸಿದ್ದಾಪುರ, ಕಡೆಗೆ ಕುಮಟಾ ಎಂದು ಘಟ್ಟದ ಮೇಲೂ ಕೆಳಗೂ ಮೂವತ್ತು ಚಿಲ್ಲರೆ ವರ್ಷ ತಿರುಗಿದ್ದೇನೆ. ಹಳ್ಳಿಯಲ್ಲಿ ನಮ್ಮ ಹುದ್ದೆಯ ಹೆಸರು ಯಾರಿಗೂ ಬೇಕಿರಲಿಲ್ಲ. ‘ಮಲೇರಿಯಾದವರು ಬಂದ್ರು’ ಅನ್ನುತ್ತಿದ್ದರು, ಅಷ್ಟೇ. ಜ್ವರ ಬಂದವರ ಬೆರಳಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ಗಾಜಿನ ಸ್ಲೈಡಿಗೆ ಸವರಿಕೊಂಡು, ಬಾಗಿಲ ಪಕ್ಕದ ಗೋಡೆಯ ಮೇಲೆ ಬಂದ ತಾರೀಕು ಬರೆದು ಮುಂದಿನ ಮನೆಗೆ ಹೋಗುವುದು ನಮ್ಮ ಕೆಲಸ. ದೀಪಾವಳಿಗೆ ಸುಣ್ಣ ಬಳಿಯುವಾಗ ಕೆಲವರು ಆ ತಾರೀಕಿನ ಚೌಕವನ್ನು ಬಿಟ್ಟು ಸುತ್ತಲೂ ಬಳಿಯುತ್ತಿದ್ದರು. ಸರ್ಕಾರದ ಬರಹ, ಅಳಿಸಿದರೆ ಏನಾಗುತ್ತದೋ ಎಂದು.

ತಿಂಗಳ ಕೊನೆಗೆ ನಾವು ಕಳಿಸುವ ವರದಿಯಲ್ಲಿ ಎಷ್ಟು ಮನೆ, ಎಷ್ಟು ತಲೆ, ಎಷ್ಟು ಸ್ಲೈಡ್ ಎಂಬುದಕ್ಕೆಲ್ಲ ಕಾಲಂ ಇತ್ತು. ಆ ಮನೆ ಮುಟ್ಟುವುದಕ್ಕೆ ಎಷ್ಟು ತಾಸು ಬೇಕಾಯಿತು ಎಂಬುದಕ್ಕೆ ಕಾಲಂ ಇರಲಿಲ್ಲ. ಇವತ್ತು ನಾನು ಆಡುವುದೆಲ್ಲ ಆ ಇಲ್ಲದ ಕಾಲಂ ಬಗ್ಗೆಯೇ.

ಆರೋಗ್ಯ ಕೇಂದ್ರಗಳನ್ನು ಹಂಚುವ ಸೂತ್ರ ನಿಮಗೆ ಗೊತ್ತಿರಬಹುದು. ಬಯಲು ಸೀಮೆಯಾದರೆ 5,000 ಜನಕ್ಕೆ ಒಂದು ಉಪಕೇಂದ್ರ, 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಗುಡ್ಡಗಾಡು, ಬುಡಕಟ್ಟು ಪ್ರದೇಶವಾದರೆ ರಿಯಾಯಿತಿ: 3,000ಕ್ಕೆ ಒಂದು, 20,000ಕ್ಕೆ ಒಂದು. ರಿಯಾಯಿತಿ ಕೊಟ್ಟಿದ್ದೂ ತಲೆಗಳನ್ನೇ ಎಣಿಸಿ. ಈಗ ಜೋಯಿಡಾ ತೆಗೆದುಕೊಳ್ಳಿ. ತಾಲೂಕಿನ ವಿಸ್ತಾರ ಸುಮಾರು 1,900 ಚದರ ಕಿಲೋಮೀಟರ್. ಜನ 50 ಸಾವಿರದ ಆಚೀಚೆ. ಸೂತ್ರ ಹಾಕಿದರೆ ಎರಡೂವರೆ ಆಸ್ಪತ್ರೆ ಬರುತ್ತದೆ. ಅಂದರೆ ಒಂದೊಂದಕ್ಕೆ 700 ಚದರ ಕಿಲೋಮೀಟರಿಗೂ ಮಿಕ್ಕಿದ ಕಾಡು. ಬಿಬಿಎಂಪಿ ಇದ್ದಾಗ ಇಡೀ ಬೆಂಗಳೂರಿನ ವಿಸ್ತಾರ ಹೆಚ್ಚುಕಡಿಮೆ ಅಷ್ಟೇ ಇತ್ತು. ‘ಸರ್ಕಾರ ಅಲ್ಲಿ ಸೂತ್ರ ಮೀರಿ ಕೇಂದ್ರ ಕೊಟ್ಟಿದೆಯಲ್ಲ’ ಎಂದು ಇಲಾಖೆಯ ಗೆಳೆಯರು ಎದ್ದು ಹೇಳಬಹುದು. ಕೊಡಲಿ ಬಿಡಿ. ಕಟ್ಟಡ ಇರುವುದು ಬೇರೆ, ಅದರ ಕ್ವಾರ್ಟರ್ಸಿನಲ್ಲಿ ರಾತ್ರಿ ದೀಪ ಉರಿಯುವುದು ಬೇರೆ.

ಜಿಲ್ಲೆಯ ಲೆಕ್ಕವೂ ಹಾಗೆಯೇ. 2011ರ ಜನಗಣತಿಯಲ್ಲಿ ನಾವು 14,37,169 ಜನ. ಚದರ ಕಿಲೋಮೀಟರಿಗೆ ರಾಜ್ಯದಲ್ಲಿ 319 ಜನ ಇದ್ದರೆ ನಮ್ಮಲ್ಲಿ 140. ಜನ ಕಡಿಮೆ, ಊರು ದೂರ, ನಡುವೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ಬೆಂಗಳೂರಿನಲ್ಲಿ ಕೂತು ಕಾಗದ ನೋಡುವವರಿಗೆ ನಮ್ಮದು ಸಣ್ಣ ಜಿಲ್ಲೆ. ನಡೆದು ನೋಡಿದವರನ್ನು ಕೇಳಿ.

ಇನ್ನು ಎರಡು ಶಿರೂರುಗಳ ಕಥೆ. ಒಂದು ಶಿರೂರು ಉಡುಪಿ ಜಿಲ್ಲೆಯ ಬೈಂದೂರು ತಾಲೂಕಿನದು. 2022ರ ಜುಲೈ 20ರಂದು ಹೊನ್ನಾವರದಿಂದ ಕುಂದಾಪುರದ ಕಡೆ ರೋಗಿಯನ್ನು ಒಯ್ಯುತ್ತಿದ್ದ ಆಂಬ್ಯುಲೆನ್ಸ್ ಮಳೆಯಲ್ಲಿ ಅಲ್ಲಿನ ಟೋಲ್ ಗೇಟಿಗೆ ಬಡಿದು ನಾಲ್ವರು ಸತ್ತರು. ಆ ವೀಡಿಯೋ ನೋಡದವರು ಈ ಸಭೆಯಲ್ಲಿ ಯಾರೂ ಇರಲಿಕ್ಕಿಲ್ಲ. 2019ರಲ್ಲಿ ಟ್ವಿಟರಿನಲ್ಲಿ ಶುರುವಾಗಿದ್ದ ‘ನಮಗೊಂದು ಸುಸಜ್ಜಿತ ಆಸ್ಪತ್ರೆ ಬೇಕು’ ಎಂಬ ಕೂಗು ಬೀದಿಗೆ ಇಳಿದದ್ದು ಆಮೇಲೆ. ಇನ್ನೊಂದು ಶಿರೂರು ನಮ್ಮ ಅಂಕೋಲಾ ತಾಲೂಕಿನದು. 2024ರ ಜುಲೈ 16ರ ಬೆಳಿಗ್ಗೆ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಂತು. ಜನ ಮಣ್ಣಿನಡಿ ಹೋದರು, ಲಾರಿ ಗಂಗಾವಳಿ ಪಾಲಾಯಿತು, ಹೆದ್ದಾರಿ ಎಷ್ಟೋ ದಿನ ಬಂದ್. ಅದಾಗಿ ಮೂರು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ 7ರ ನಡುರಾತ್ರಿ, ಕಾರವಾರದ ಆಚೆ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಮೊದಲ ಶಿರೂರಿನಲ್ಲಿ ನಾವು ಚಿಕಿತ್ಸೆಗೆ ಜಿಲ್ಲೆ ದಾಟಬೇಕು ಎಂಬುದು ಎಲ್ಲರಿಗೂ ಕಂಡಿತು. ಎರಡನೇ ಶಿರೂರಿನಲ್ಲಿ, ದಾಟುವ ದಾರಿಯೇ ಮಳೆಗಾಲದಲ್ಲಿ ಇರುತ್ತದೆಂಬ ಭರವಸೆ ಇಲ್ಲ ಎಂಬುದು ಕಂಡಿತು. ಮೊದಲನೆಯದರ ಬಗ್ಗೆ ಮೆರವಣಿಗೆಗಳಾದವು. ಎರಡನೆಯದನ್ನು ಯಾರೂ ಆರೋಗ್ಯದ ವಿಷಯ ಎಂದೇ ತಿಳಿಯಲಿಲ್ಲ. ಅದು ಲೋಕೋಪಯೋಗಿ ಮತ್ತು ಹೆದ್ದಾರಿಯವರ ವಿಷಯವಾಗಿ ಉಳಿಯಿತು.

ರೋಗಿಗಳು ಎತ್ತ ಹೋಗುತ್ತಾರೆ ನೋಡಿ. ಭಟ್ಕಳ, ಹೊನ್ನಾವರದವರು ಮಣಿಪಾಲ, ಮಂಗಳೂರು. ಕಾರವಾರದವರು ಗೋವಾದ ಬಾಂಬೋಳಿಯ ಸರ್ಕಾರಿ ಆಸ್ಪತ್ರೆ. 2018ರಲ್ಲಿ ಗೋವಾ ಸರ್ಕಾರ ಹೊರರಾಜ್ಯದವರಿಂದ ಶುಲ್ಕ ತೆಗೆದುಕೊಳ್ಳಲು ಶುರುಮಾಡಿದಾಗ ಕಾರವಾರದಲ್ಲಿ ಎಷ್ಟು ಗದ್ದಲ ಆಯಿತು ನೆನಪಿದೆಯಲ್ಲ? ಯಲ್ಲಾಪುರ, ಮುಂಡಗೋಡ, ಹಳಿಯಾಳದವರು ಹುಬ್ಬಳ್ಳಿ, ಧಾರವಾಡ. ಸಿದ್ದಾಪುರದವರಿಗೆ ಸಾಗರ, ಶಿವಮೊಗ್ಗ. ಶಿರಸಿಯವರು ಹುಬ್ಬಳ್ಳಿಗೆ ಹೋಗುವುದೋ ಮಣಿಪಾಲಕ್ಕೆ ಹೋಗುವುದೋ ಎಂದು ಮನೆಯಲ್ಲಿ ಚರ್ಚೆ ಮಾಡುತ್ತಾರೆ, ರೋಗಿ ಕೇಳಿಸಿಕೊಳ್ಳುತ್ತ ಮಲಗಿರುತ್ತಾನೆ. ಕರಾವಳಿಯವರಿಗೆ ಕೊಂಕಣ ರೈಲಾದರೂ ಇದೆ. ಶಿರಸಿ ಕಡೆಯ ನಮಗೆ ಅದೂ ಇಲ್ಲ.

ಇದರಿಂದ ಒಂದು ವಿಚಿತ್ರ ಆಗುತ್ತದೆ. ಜನನ ಮರಣ ನೋಂದಣಿ ಕಾಯ್ದೆ 1969ರದು. ಅದರ ಪ್ರಕಾರ ಹುಟ್ಟು ಸಾವು ಎಲ್ಲಿ ಆಯಿತೋ ಅಲ್ಲೇ ನೋಂದಣಿ. ಸಿದ್ದಾಪುರದ ಹಳ್ಳಿಯ ರೈತ ಮಣಿಪಾಲದಲ್ಲಿ ತೀರಿಕೊಂಡರೆ ಆ ಸಾವು ಉಡುಪಿ ಜಿಲ್ಲೆಯ ಪುಸ್ತಕದಲ್ಲಿ. ಯಲ್ಲಾಪುರದ ಕೂಸು ಹುಬ್ಬಳ್ಳಿಯಲ್ಲಿ ಹುಟ್ಟಿದರೆ ಅದರ ಜನನ ಪತ್ರದಲ್ಲಿ ಊರು ಹುಬ್ಬಳ್ಳಿ. ವಿಳಾಸದ ಕಾಲಂನಲ್ಲಿ ನಮ್ಮೂರ ಹೆಸರು ಇರುತ್ತದೆ ನಿಜ. ಆದರೆ ಅದನ್ನು ಹೆಕ್ಕಿ ತೆಗೆದು ನಮ್ಮ ಜಿಲ್ಲೆಯವರಿಗೆ ಏನಾಗಿ ಸತ್ತರು, ಹೊರಟು ಎಷ್ಟು ಹೊತ್ತಿಗೆ ಸತ್ತರು ಎಂದು ಒಂದು ಕಡೆ ಕೂಡಿಸಿದ್ದನ್ನು ನಾನು ಇಷ್ಟು ವರ್ಷದ ನೌಕರಿಯಲ್ಲಿ ನೋಡಲಿಲ್ಲ. ನಮ್ಮ ಕಷ್ಟದ ದೊಡ್ಡ ಪಾಲು ಪಕ್ಕದ ಜಿಲ್ಲೆಗಳ ದಫ್ತರದಲ್ಲಿ ಮಲಗಿದೆ.

ಹಾಗಾಗಿ ನಾನೇ ಒಂದು ಲೆಕ್ಕ ಬರೆದುಕೊಂಡೆ. ಒಂದೇ ಒಂದು. ಹತ್ತು ಹನ್ನೆರಡು ವರ್ಷದ ಹಿಂದೆ, ಅಡಿಕೆ ಕೊಯ್ಲಿನ ಹೊತ್ತಿನಲ್ಲಿ. ಊರು, ತಾಲೂಕು, ಆಸ್ಪತ್ರೆ ಯಾವುದನ್ನೂ ಹೇಳುವುದಿಲ್ಲ. ಹೇಳಿದರೆ ಆ ಒಂದು ಕಡೆಯವರಿಗೆ ಮಾತ್ರ ಬೈದ ಹಾಗಾಗುತ್ತದೆ. ನಾನು ಆ ಊರಿಗೆ ಸೊಳ್ಳೆ ಮರಿ ನೋಡಲು ಹೋಗಿದ್ದೆ, ಡ್ರಮ್ಮು ತೊಟ್ಟಿ ಬಗ್ಗಿ ನೋಡುವ ಕೆಲಸ. ತೋಟದಿಂದ ಕೂಗು ಕೇಳಿತು. ಕೊನೆಗೌಡ, ಅಂದರೆ ಮರ ಹತ್ತಿ ಅಡಿಕೆ ಕೊನೆ ಕೊಯ್ಯುವವನು, ಮರದಿಂದ ಬಿದ್ದಿದ್ದ. ಒಂದು ಮರದಿಂದ ಇನ್ನೊಂದಕ್ಕೆ ಜೋತು ದಾಟುವಾಗ ಮರವೇ ಮುರಿದಿತ್ತು. ಪ್ರಜ್ಞೆ ಇತ್ತು. ‘ಕಾಲು ಇಲ್ಲ, ಕಾಲು ಇಲ್ಲ’ ಅನ್ನುತ್ತಿದ್ದ. ಕಾಲು ಅಲ್ಲೇ ಇತ್ತು. ಮುಟ್ಟಿದರೆ ಅವನಿಗೆ ಗೊತ್ತಾಗುತ್ತಿರಲಿಲ್ಲ.

ನನ್ನ ಡೈರಿಯ ಆ ಪುಟವನ್ನು ಇವತ್ತು ತಂದಿದ್ದೇನೆ, ಓದುತ್ತೇನೆ. 9:20, ಬಿದ್ದದ್ದು. ತೋಟದಲ್ಲಿ ಸಿಗ್ನಲ್ ಇಲ್ಲ. ಒಬ್ಬ ಹುಡುಗ ಮೇಲಿನ ಬೆಟ್ಟಕ್ಕೆ, ಫೋನ್ ಹತ್ತುವ ಕಲ್ಲಿನ ಹತ್ತಿರ ಓಡಿದ. 9:45, 108ಕ್ಕೆ ಫೋನ್ ಸಿಕ್ಕಿತು. ಗಾಡಿ ಬೇರೆ ಕೇಸಿಗೆ ಹೋಗಿದೆ, ಬರಲು ಒಂದೂವರೆ ತಾಸು ಅಂದರು. ಜೀಪು ಹುಡುಕಿದೆವು. ನಾಲ್ಕು ಜನ ಅವನನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಲು ಹೊರಟಿದ್ದರು. ನಾನು ಕೂಗಿ ನಿಲ್ಲಿಸಿ, ಅಟ್ಟದ ಏಣಿ ತರಿಸಿ, ಅದರ ಮೇಲೆ ಹಲಗೆ ಹಾಕಿ ಅಂಗಾತ ಮಲಗಿಸಿ ಕಟ್ಟಿಸಿದೆ. ನನ್ನ ನೌಕರಿಯಲ್ಲಿ ನಾನು ಮಾಡಿದ ಅತಿ ದೊಡ್ಡ ವೈದ್ಯಕೀಯ ಎಂದರೆ ಇದೇ. 10:30, ಜೀಪು ಹೊರಟದ್ದು. 11:25, ಪ್ರಾಥಮಿಕ ಆರೋಗ್ಯ ಕೇಂದ್ರ. ವೈದ್ಯರು ಮೀಟಿಂಗಿಗೆ ಹೋಗಿದ್ದರು. ಸಿಸ್ಟರ್ ನೋವಿಗೆ ಇಂಜೆಕ್ಷನ್ ಕೊಟ್ಟು, ಚೀಟಿ ಬರೆದುಕೊಟ್ಟರು. 11:50, ಅಲ್ಲಿಂದ ಹೊರಟದ್ದು. 12:40, ತಾಲೂಕು ಆಸ್ಪತ್ರೆ. ಎಕ್ಸ್‌ರೇ ತೆಗೆಯುವವರು ಊಟಕ್ಕೆ ಹೋಗಿದ್ದರು. ಅವರು ಬಂದು, ಚಿತ್ರ ತೆಗೆದು, ‘ಹುಬ್ಬಳ್ಳಿಗೆ ಒಯ್ಯಿರಿ’ ಅನ್ನಿಸಿಕೊಂಡು, ಆಂಬ್ಯುಲೆನ್ಸಿನ ಡ್ರೈವರ್ ಸಿಕ್ಕು ಹೊರಟಾಗ 2:50. 5:10, ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಗೇಟು. 6:20, ಡಾಕ್ಟರು ಬಂದು ನೋಡಿದ್ದು.

ಬಿದ್ದು ಒಂಬತ್ತು ತಾಸು. ರಾತ್ರಿ ಲಾಡ್ಜಿನಲ್ಲಿ ಕೂತು ಕೂಡಿಸಿ ನೋಡಿದೆ. ಗಾಡಿಯ ಚಕ್ರ ಉರುಳಿದ್ದು ನಾಲ್ಕು ತಾಸು ಐದು ನಿಮಿಷ. ಉಳಿದ ನಾಲ್ಕು ತಾಸು ಐವತ್ತೈದು ನಿಮಿಷ ಅವನು ಎಲ್ಲೋ ಒಂದು ಕಡೆ ಅಲುಗಾಡದೆ ಮಲಗಿ ಕಾಯುತ್ತಿದ್ದ. ಅಲ್ಲಿಯವರೆಗೆ ನಾನೂ ಎಲ್ಲರ ಹಾಗೆ ‘ನಮ್ಮದು ರಸ್ತೆ ಸರಿ ಇಲ್ಲ, ಊರು ದೂರ’ ಅನ್ನುತ್ತಿದ್ದವನು. ದೂರಕ್ಕಿಂತ ಹೆಚ್ಚು ಹೊತ್ತನ್ನು ಕಾಯುವುದು ತಿಂದಿತ್ತು. ಅವನು ಬದುಕಿದ್ದಾನೆ. ಜಗುಲಿಯಲ್ಲಿ ಕೂತು ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುತ್ತಾನೆ. ಸೊಂಟದ ಕೆಳಗೆ ಏನೂ ಇಲ್ಲ. ಬೇಗ ಮುಟ್ಟಿದ್ದರೆ ನಡೆಯುತ್ತಿದ್ದನೋ ಎಂದು ಅವನ ಹೆಂಡತಿ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

1994ರಲ್ಲಿ ಸೆರೀನ್ ಥಡಿಯಸ್, ಡೆಬೊರಾ ಮೇನ್ ಎಂಬ ಇಬ್ಬರು ಸಂಶೋಧಕಿಯರು ಬಾಣಂತಿಯರ ಸಾವಿನ ಬಗ್ಗೆ ಬರೆಯುತ್ತ ಮೂರು ತಡಗಳ ಮಾತು ಹೇಳಿದರು. ಹೊರಡಬೇಕು ಎಂದು ಮನಸ್ಸು ಮಾಡುವುದರಲ್ಲಿ ಆಗುವ ತಡ, ಮುಟ್ಟುವುದರಲ್ಲಿ ಆಗುವ ತಡ, ಮುಟ್ಟಿದ ಮೇಲೆ ಚಿಕಿತ್ಸೆ ಸಿಗುವುದರಲ್ಲಿ ಆಗುವ ತಡ. ಯಾವುದೋ ತರಬೇತಿಯಲ್ಲಿ ಇದನ್ನು ಕೇಳಿ ನಾನು ನಿದ್ದೆಯಿಂದ ಎದ್ದು ಕೂತೆ. ನನ್ನ ಡೈರಿಯ ಪುಟವನ್ನು ಯಾರೋ ಮೊದಲೇ ಓದಿದ ಹಾಗಿತ್ತು. ನಮ್ಮ ಹೋರಾಟವೆಲ್ಲ ನಡುವಿನ ತಡದ ಮೇಲೆ ಇದೆ. ಉಳಿದೆರಡನ್ನು ನಾವು ಅಷ್ಟಾಗಿ ಮಾತಾಡುವುದಿಲ್ಲ.

ಮೊದಲ ತಡ ನಮ್ಮ ಮನೆಯೊಳಗಿನದು. ‘ಸಣ್ಣ ಜ್ವರಕ್ಕೆಲ್ಲ ಎಂತಕ್ಕೆ, ನಾಳೆ ನೋಡನ ತಗ’ ಅನ್ನದ ಮನೆ ಈ ಸೀಮೆಯಲ್ಲಿ ಇದೆಯೇ? ಆದರೆ ಇದನ್ನು ಬರೀ ಉಡಾಫೆ ಅನ್ನಬೇಡಿ. ಹಳ್ಳಿಯಿಂದ ಹಾಲ್ಟಿಂಗ್ ಬಸ್ಸು ಬೆಳಿಗ್ಗೆ ಆರೂವರೆಗೆ ಹೊರಡುತ್ತದೆ. ಆಸ್ಪತ್ರೆಯ ಓಪಿಡಿ ತೆರೆಯುವುದು ಒಂಬತ್ತಕ್ಕೆ. ಚೀಟಿ ಮಾಡಿಸಿ, ಡಾಕ್ಟರಿಗೆ ತೋರಿಸಿ, ರಕ್ತ ಕೊಟ್ಟರೆ ರಿಪೋರ್ಟ್ ಮೂರು ಗಂಟೆಗೆ. ಊರಿಗೆ ಬಸ್ಸು ಎರಡಕ್ಕೆ, ಅದು ತಪ್ಪಿದರೆ ರಾತ್ರಿಯ ಹಾಲ್ಟಿಂಗೇ. ಜನ ಏನು ಮಾಡುತ್ತಾರೆ? ರಕ್ತ ಕೊಟ್ಟು, ರಿಪೋರ್ಟ್ ಬಿಟ್ಟು ಎರಡರ ಬಸ್ಸಿಗೆ ಹೋಗುತ್ತಾರೆ. ರಿಪೋರ್ಟ್ ತರಲು ಇನ್ನೊಂದು ದಿನದ ಕೂಲಿ ಹೋಗಬೇಕು. ಕುಮಟಾದ ಕಡೆ ಇದ್ದಾಗ ಯಾರೂ ಒಯ್ಯದ ರಿಪೋರ್ಟುಗಳ ಒಂದು ಕಟ್ಟನ್ನು ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದನ್ನು ನೋಡಿದ್ದೇನೆ. ಮೇಲಿನ ಚೀಟಿಯಲ್ಲೇ ಸಕ್ಕರೆ 300ರ ಮೇಲಿತ್ತು. ಆ ಮನುಷ್ಯನಿಗೆ ತನಗೆ ಡಯಾಬಿಟೀಸ್ ಇದೆಯೆಂದು ಗೊತ್ತೇ ಇಲ್ಲ. ಬಸ್ಸಿನ ಡಿಪೋದವರೂ ಆಸ್ಪತ್ರೆಯವರೂ ಒಂದು ಮೇಜಿಗೆ ಕೂತು ಚಹಾ ಕುಡಿದಿದ್ದರೆ ಆ ಕಟ್ಟು ಅಲ್ಲಿರುತ್ತಿರಲಿಲ್ಲ.

ಒಂದು ಒಳ್ಳೆಯ ಮಾತನ್ನೂ ಹೇಳಬೇಕು. 2023ರ ಜೂನ್ 11ಕ್ಕೆ ಹೆಂಗಸರಿಗೆ ಬಸ್ಸು ಬಿಟ್ಟಿಯಾಯಿತಲ್ಲ, ಅದನ್ನು ಧರ್ಮಸ್ಥಳ, ಗೋಕರ್ಣದ ಲೆಕ್ಕದಲ್ಲಿ ತಮಾಷೆ ಮಾಡಿದವರೇ ಹೆಚ್ಚು. ನಮ್ಮ ಕಡೆ ಹೆಂಗಸರು ಕಾಯಿಲೆಯನ್ನು ಮುಚ್ಚಿಡುತ್ತಿದ್ದುದಕ್ಕೆ ಒಂದು ಕಾರಣ, ಬಸ್ ಚಾರ್ಜಿಗೆ ಗಂಡನ ಮುಂದೆಯೋ ಮಗನ ಮುಂದೆಯೋ ಕೈ ಒಡ್ಡಬೇಕಾಗಿದ್ದುದು. ಯಾಕೆ, ಎಂತಕ್ಕೆ ಎಂದು ಕೇಳುತ್ತಾರೆ, ಹೇಳಲಾಗದ ಕಾಯಿಲೆಗಳೂ ಇರುತ್ತವೆ. ಈಗ ಆಧಾರ್ ಕಾರ್ಡ್ ತೋರಿಸಿ ಹತ್ತಿದರಾಯಿತು. ಇದನ್ನು ಆರೋಗ್ಯ ಯೋಜನೆ ಎಂದು ಯಾರೂ ಕರೆದಿಲ್ಲ. ನಾನು ಕರೆಯುತ್ತೇನೆ.

ಹಾಗೆಯೇ ಫೈಬರ್ ದೋಟಿ. ನೆಲದಲ್ಲೇ ನಿಂತು ಕೊನೆ ಕೊಯ್ಯುವ, ಮದ್ದು ಹೊಡೆಯುವ ಉದ್ದ ಕೋಲು. ಇದು ಬಂದ ಮೇಲೆ ಮರ ಹತ್ತುವುದು ಎಷ್ಟೋ ಕಮ್ಮಿಯಾಗಿದೆ. ಬೆನ್ನುಮೂಳೆಯ ಡಾಕ್ಟರು ಶಿರಸಿಗೆ ಬರಲಿ ಎಂದು ನಾವು ಕಾಯುತ್ತಿದ್ದಾಗ ಕೃಷಿ ಸಾಮಾನಿನ ಅಂಗಡಿಯಲ್ಲಿ ಚಿಕಿತ್ಸೆ ಸಿಕ್ಕಿತು.

ಕೆಲವು ನಂಬಿಕೆಗಳ ವಿಷಯಕ್ಕೆ ಹುಷಾರಾಗಿ ಬರುತ್ತೇನೆ. ಲಕ್ವಾ ಹೊಡೆದರೆ ನಮ್ಮ ಜನಕ್ಕೆ ಮೊದಲು ನೆನಪಾಗುವುದು ಅದಕ್ಕೆ ನಾಟಿ ಔಷಧಿ ಕೊಡುವ ಅಂಕೋಲಾದ ಬೆಳಂಬಾರ. ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ಅವರ ಶ್ರದ್ಧೆಯ ಬಗ್ಗೆ ನಾನು ಹಗುರವಾಗಿ ಆಡುವುದಿಲ್ಲ. ಆದರೆ ಮೆದುಳಿನ ರಕ್ತನಾಳಕ್ಕೆ ಹೆಪ್ಪು ಸಿಕ್ಕಿಕೊಂಡಿದ್ದರೆ, ಅದನ್ನು ಕರಗಿಸುವ ಇಂಜೆಕ್ಷನ್ನಿಗೆ ನಾಲ್ಕೂವರೆ ತಾಸಿನ ಗಡುವು ಇದೆ. ಅದಕ್ಕೂ ಮುಂಚೆ ಸಿ.ಟಿ. ಸ್ಕ್ಯಾನ್ ಆಗಬೇಕು. ರಕ್ತಸ್ರಾವವಾಗಿ ಲಕ್ವಾ ಆಗಿದ್ದರೆ ಅದೇ ಇಂಜೆಕ್ಷನ್ ಕೊಲ್ಲುತ್ತದೆ. ನಾಟಿ ಔಷಧಿಗೆ ನಾಲ್ಕು ದಿನ ಬಿಟ್ಟು ಹೋದರೂ ಆಗುತ್ತದೆ. ಸ್ಕ್ಯಾನಿಗೆ ಹಾಗಲ್ಲ. ಮುಖ ಓರೆಯಾಯಿತು, ಕೈ ಎತ್ತಲಾಗುತ್ತಿಲ್ಲ, ಮಾತು ತೊದಲಿತು ಎಂದರೆ ಗಡಿಯಾರ ನೋಡಿ ಹೊರಡಿ.

ಕವಳದ ಬಗ್ಗೆ, ಅಂದರೆ ಎಲೆ ಅಡಿಕೆ ಜಗಿಯುವುದರ ಬಗ್ಗೆ, ಶಿರಸಿಯಲ್ಲಿ ನಿಂತು ಮಾತಾಡುವುದಕ್ಕೆ ಎದೆ ಗಟ್ಟಿ ಬೇಕು. ಈ ಊರಿನ ಮನೆ, ಮದುವೆ, ದೇವಸ್ಥಾನ ಎಲ್ಲ ಅಡಿಕೆಯ ದುಡ್ಡಿನಲ್ಲಿ ನಿಂತಿವೆ. ನನ್ನ ಓದೂ ಅದರಲ್ಲೇ ಆಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿ, ತಂಬಾಕು ಇಲ್ಲದ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿದೆ. ಅದರ ಮೇಲೆ ನಮ್ಮಲ್ಲಿ ವಾದ ಇದೆ, ಇರಲಿ. ತಂಬಾಕಿನ ಎಸಳಿನ ಬಗ್ಗೆ ವಾದ ಇಲ್ಲವಲ್ಲ? ಬಾಯಿಯಲ್ಲಿ ಬಿಳಿ ಕಲೆ, ಮೂರು ವಾರವಾದರೂ ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯಲಾಗದಿರುವುದು – ಇಷ್ಟನ್ನು ಟಾರ್ಚ್ ಹಿಡಿದು ನೋಡಲು ಸೂಪರ್ ಸ್ಪೆಷಾಲಿಟಿ ಬೇಡ. ನಾನೂ ಮೂವತ್ತು ವರ್ಷ ಕವಳ ಹಾಕಿದವನು. ಬಿಟ್ಟು ಆರು ವರ್ಷವಾಯಿತು. ಸಭೆಯಲ್ಲಿ ಮೂರನೇ ಸಾಲಿನಲ್ಲಿ ಯಾರೋ ಈಗ ಹಾಕುತ್ತಿದ್ದಾರೆ, ವಾಸನೆ ಬರುತ್ತಿದೆ, ಆಸೆಯೂ ಆಗುತ್ತಿದೆ.

ಈಗ ಕಾಡಿನ ಮಾತು. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಲೋಕದ ವೈದ್ಯಕೀಯ ಪುಸ್ತಕಗಳಲ್ಲಿ ಕ್ಯಾಸನೂರಿನ ಹೆಸರಿದೆ, ನಮ್ಮ ಗಡಿಯಾಚೆಯ ಊರು. ಸಿದ್ದಾಪುರಕ್ಕೆ ಇದು ವರ್ಷ ಬಿಟ್ಟು ವರ್ಷ ಬರುವ ನೆಂಟ. ಉಣ್ಣೆ ಹುಳದಿಂದ ಬರುವ ವೈರಸ್. ಮಂಗ ಸತ್ತು ಬಿದ್ದರೆ ಅದರ ಮೈಮೇಲಿನ ಉಣ್ಣೆಗಳು ಸುತ್ತಲಿನ ದರಕಿಗೆ, ಅಂದರೆ ಉದುರಿದ ಒಣ ಎಲೆಗಳಿಗೆ, ಇಳಿಯುತ್ತವೆ. ಡಿಸೆಂಬರಿನಿಂದ ಮೇ ತನಕ, ಅಂದರೆ ಸರಿಯಾಗಿ ಜನ ಸೊಪ್ಪಿನ ಬೆಟ್ಟದಲ್ಲಿ ದರಕು ಗುಡಿಸಿ ಕಲ್ಲಿಗೆ (ಹಗ್ಗದ ಬಲೆಗೆ) ತುಂಬುವ ಹೊತ್ತಿನಲ್ಲಿ, ಮರಿ ಉಣ್ಣೆಗಳ ಕಾಟ ಹೆಚ್ಚು. ಎಳ್ಳಿಗಿಂತ ಸಣ್ಣವು, ಕಚ್ಚಿದ್ದೂ ತಿಳಿಯುವುದಿಲ್ಲ. ಮೂರರಿಂದ ಎಂಟು ದಿನದಲ್ಲಿ ಏಕಾಏಕಿ ಜ್ವರ, ತಲೆ ಸಿಡಿತ, ಸೊಂಟ ಮುರಿಯುವ ನೋವು. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಮತ್ತೆ ಮರುಕಳಿಸುತ್ತದೆ, ಆಗ ತಲೆಗೆ ಏರುವ ಭಯ. ಇದಕ್ಕೇ ಎಂಬ ಔಷಧಿ ಇಲ್ಲ. ಹೊತ್ತಿಗೆ ಸರಿಯಾಗಿ ನೀರು, ರಕ್ತ, ಆರೈಕೆ ಸಿಕ್ಕರೆ ಬಹಳ ಜನ ಉಳಿಯುತ್ತಾರೆ.

ಹಳೆಯ ಲಸಿಕೆ ನೆನಪಿದೆಯೇ? ತಿಂಗಳ ಅಂತರದಲ್ಲಿ ಎರಡು, ಆಮೇಲೆ ಬೂಸ್ಟರ್, ಆಮೇಲೆ ವರ್ಷ ವರ್ಷ. ಚುಚ್ಚಿಸಿಕೊಂಡ ಜಾಗ ಉರಿಯುತ್ತದೆಂದು ಜನ ನಮ್ಮನ್ನು ಕಂಡರೆ ಹಿತ್ತಿಲ ಬಾಗಿಲಿನಿಂದ ಗದ್ದೆಗೆ ಇಳಿಯುತ್ತಿದ್ದರು. ಅದರ ಬಲ ಸಾಲದೆಂದು 2022ರಲ್ಲಿ ನಿಲ್ಲಿಸಿದರು. ಹೊಸದರ ಕೆಲಸ ನಡೆದಿದೆ. ಅಲ್ಲಿಯವರೆಗೆ ಇರುವುದು ಕೈಕಾಲಿಗೆ ಹಚ್ಚುವ ಡೆಪಾ ಎಣ್ಣೆ, ಬೆಟ್ಟದಿಂದ ಬಂದ ಕೂಡಲೇ ಬಿಸಿನೀರ ಸ್ನಾನ, ಮತ್ತು ಸತ್ತ ಮಂಗ ಕಂಡರೆ ಅದೇ ದಿನ ತಿಳಿಸುವುದು. ನಮ್ಮಲ್ಲಿ ಮಂಗ ಸತ್ತರೆ ಹೂವು ಹಾಕಿ ಸಂಸ್ಕಾರ ಮಾಡುವವರಿದ್ದಾರೆ. ಮಾಡಿ, ಆದರೆ ಮುಟ್ಟುವ ಮುಂಚೆ ಫೋನ್ ಮಾಡಿ.

ಹಾವಿನ ಕಡಿತಕ್ಕೆ ಇರುವ ಔಷಧಿ ನಾಲ್ಕು ಹಾವುಗಳ ವಿಷಕ್ಕೆ: ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ. ನಮ್ಮ ತೋಟದಲ್ಲಿ ಇವಲ್ಲದ ಸಣ್ಣ ಮಂಡಲ ಜಾತಿಗಳೂ ಇವೆ, ಅವಕ್ಕೆ ಆ ಔಷಧಿ ನಾಟುವುದಿಲ್ಲ. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಒಳ್ಳೆಯದಾಯಿತು, ಎಣಿಸಲಾದರೂ ಶುರುಮಾಡಿದರು. ನನಗೆ ಬೇಜಾರಿನ ಸಂಗತಿ ಬೇರೆ. ನಾನು ಕೆಲಸ ಮಾಡಿದ ಒಂದು ಕಡೆ ಫ್ರಿಜ್ಜಿನಲ್ಲಿ ಔಷಧಿ ಇತ್ತು, ಕೊಡಲಿಲ್ಲ. ಹೊಸದಾಗಿ ಬಂದ ಹುಡುಗ ಡಾಕ್ಟರು. ಔಷಧಿಗೇ ಮೈ ತಿರುಗಿಬಿದ್ದರೆ ನೋಡಿಕೊಳ್ಳಲು ನಾನೊಬ್ಬನೇ ಎಂದು ಹೆದರಿ ಮುಂದೆ ಕಳಿಸಿಬಿಟ್ಟರು. ಹೆದರಿದ್ದು ತಪ್ಪು ಎಂದು ನಾನು ಹೇಳಲಾರೆ. ಆ ರಾತ್ರಿ ಅವರು ಫೋನ್ ಮಾಡಿ ಕೇಳಬಹುದಾದ ಒಬ್ಬ ಹಿರಿಯರ ನಂಬರನ್ನು ಗೋಡೆಗೆ ಅಂಟಿಸಿಟ್ಟಿರಲಿಲ್ಲ, ಅಷ್ಟೇ. ಅದಕ್ಕೆ ಬೇಕಿದ್ದದ್ದು ಒಂದು ಹಾಳೆ, ಸ್ವಲ್ಪ ಅಂಟು.

(ಮಾತು ಮುಗಿಸಿ ಕೂತ ಮೇಲೆ ಪ್ರಶ್ನೆಗಳು ಬಂದವು. ಎರಡನ್ನು ಬರೆಯುತ್ತೇನೆ.)

ಕಾಲೇಜು ಹುಡುಗರೊಬ್ಬರು ಸ್ವಲ್ಪ ಸಿಟ್ಟಿನಲ್ಲೇ ಕೇಳಿದರು, ‘ಹಾಗಾದ್ರೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಡ ಅಂತೀರಾ ಸರ್?’ ಬೇಕು ತಮಾ. ಆ ಮನವಿಗೆ ನಾನೂ ಸಹಿ ಹಾಕಿದ್ದೇನೆ. ಕಾರವಾರದಲ್ಲಿ 2016ರಿಂದ ಮೆಡಿಕಲ್ ಕಾಲೇಜು ಇದೆ. ಅದು ಬಂದಿದ್ದರಿಂದ ಕಾರವಾರ, ಅಂಕೋಲಾದವರಿಗೆ ಅನುಕೂಲವಾಗಿದೆ, ಮುಂಡಗೋಡದವರಿಗೆ ಹುಬ್ಬಳ್ಳಿಯೇ ಹತ್ತಿರ. ಹೊಸದು ಕುಮಟಾದಲ್ಲಿ ಆಗಲಿ ಶಿರಸಿಯಲ್ಲಿ ಆಗಲಿ, ಘಟ್ಟದ ಇನ್ನೊಂದು ಬದಿಯವರಿಗೆ ಮಳೆಗಾಲದಲ್ಲಿ ಅದು ದೂರವೇ. ಜಾಗದ ಜಗಳದಲ್ಲಿ ಐದು ವರ್ಷ ಹೋಗುವುದಾದರೆ ಆ ಐದು ವರ್ಷದಲ್ಲಿ ಬೀಳುವವರು ಬೀಳುತ್ತಲೇ ಇರುತ್ತಾರೆ. ನನ್ನ ಬೇಡಿಕೆ ಸಣ್ಣದು. ಪ್ರತಿ ತಾಲೂಕು ಆಸ್ಪತ್ರೆಯ ಬೋರ್ಡಿನಲ್ಲಿ ‘ಹಾಸಿಗೆ 100’ ಎಂದು ಬರೆಯುವ ಹಾಗೆ, ಕಳೆದ ತಿಂಗಳು ಇಲ್ಲಿಗೆ ಬಂದ ಅಪಘಾತದ ರೋಗಿಯನ್ನು ವೈದ್ಯರು ನೋಡಲು ಎಷ್ಟು ನಿಮಿಷ ಹಿಡಿಯಿತು, ಮುಂದೆ ಕಳಿಸಲು ಎಷ್ಟು ನಿಮಿಷ ಹಿಡಿಯಿತು ಎಂದೂ ಬರೆಯಲಿ. ಬೈಯುವುದಕ್ಕೆ ಅಲ್ಲ. ಬರೆಯಬೇಕಾದರೆ ಗಡಿಯಾರ ನೋಡಲೇಬೇಕಾಗುತ್ತದೆ.

ಎರಡನೆಯವರು ಹಿಂದಿನ ಸಾಲಿನಲ್ಲಿದ್ದ ಆಶಾ ಕಾರ್ಯಕರ್ತೆ. ‘ಸರ್, ನಮ್ಮೂರಲ್ಲಿ ಟವರ್ ಇಲ್ಲ. ಹೆರಿಗೆ ನೋವು ಅಂತ ಫೋನ್ ಮಾಡೂಕೂ ಗುಡ್ಡ ಹತ್ಬೇಕು, ಆಮೇಲೆ ಆ್ಯಪಿಗೆ ಎಂಟ್ರಿ ಹಾಕೂಕೂ ಗುಡ್ಡ ಹತ್ಬೇಕು. ನಾವು ಎಂತ ಮಾಡೂದು?’ ಎಂದರು. ನಾನು ಉತ್ತರ ಶುರುಮಾಡಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಅವರು ಎದ್ದು ನಿಂತು ಕೈ ಮುಗಿದರು. ಊರಿನ ಹಾಲ್ಟಿಂಗ್ ಬಸ್ಸಿಗೆ ಹೊತ್ತಾಗಿತ್ತು. ಸಭೆಯ ಕಾಲುಭಾಗ ಅವರ ಜತೆಗೇ ಎದ್ದಿತು.

ವಂದನಾರ್ಪಣೆಗೆ ನಿಲ್ಲದೆ ನಾನೂ ಬಸ್ ಸ್ಟ್ಯಾಂಡಿಗೆ ಹೋದೆ, ಕಾರ್ಯಕ್ರಮದವರು ಬೇಸರ ಮಾಡಿಕೊಳ್ಳಬಾರದು. ಆ ತಂಗಿ ಕಿಟಕಿಯ ಪಕ್ಕ ಕೂತಿದ್ದರು. ‘ನೀವು ಓದಿದ್ರಲ್ಲ ಸರ್, ಹಾಗೆ ನಂದೂ ಒಂದಿದೆ’ ಎಂದು ಚೀಲದಿಂದ ಡೈರಿ ತೆಗೆದು ಕಡೆಯ ಪುಟವನ್ನು ಕಿಟಕಿಯಿಂದಲೇ ತೋರಿಸಿದರು. ನೀಲಿ ಪೆನ್ನಿನಲ್ಲಿ ಮೂರೇ ಸಾಲು. ಫೋನ್ ಮಾಡಿದ್ದು 2:10. ಹೆರಿಗೆ 4:20. ಗಾಡಿ ಬಂದಿದ್ದು 4:35.

‘ಕೂಸು?’ ಎಂದೆ.

‘ಅಂಗನವಾಡಿಗೆ ಹೋಗ್ತಾ ಇದ್ದು ಈಗ’ ಅಂದರು. ಕಂಡಕ್ಟರ್ ಸೀಟಿ ಊದಿದ.